ಎರಡು ಗಂಟೆಯ ಬಿಡುವು



ಕೊಳೆರೋಗ ತಗುಲಿ ಕಾಯಿ ಉದುರಿದ ಮೇಲೆ ಬೋರ್ಡೋ ದ್ರಾವಣ ಹಿಡಿದು ಓಡಿದರೆ ಫಲವಿಲ್ಲ, ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕು. ಇದು ನಮಗೆಲ್ಲ ತಿಳಿದ ಮಾತು. ತೋಟದಲ್ಲಿ ದುಡಿಯುವ ಗರ್ಭಿಣಿಯರ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಕಳೆದ ವರ್ಷ ನನ್ನ ಸೊಸೆ ಮಣ್ಣಗುಡ್ಡದ ಮನೆಯಿಂದ ನಡೆದೇ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡಳು. ಸಕ್ಕರೆ ಹೆಚ್ಚಿತ್ತು, ಪಥ್ಯದಿಂದಲೇ ಹತೋಟಿಗೆ ಬಂತು. ಅದೇ ವರ್ಷ ನನ್ನ ತೋಟದ ಮಲೆಕುಡಿಯ ಹೆಣ್ಣುಮಗಳೊಬ್ಬಳು ಅಡಿಕೆ ಕೊಯ್ಲಿನ ಭರದಲ್ಲಿ ಪರೀಕ್ಷೆಗೆ ಹೋಗಲಿಲ್ಲ. ಹೋದರೆ ಒಂದು ದಿನದ ಕೂಲಿ ತಪ್ಪುತ್ತಿತ್ತು. ಹೋಗಿ ಬಾ ಎಂದು ನಾನೂ ಹೇಳಲಿಲ್ಲ. ಮಿತಿಮೀರಿ ಬೆಳೆದಿದ್ದ ಮಗು ಹೆರಿಗೆಯಲ್ಲಿ ಉಳಿಯಲಿಲ್ಲ. ಅವಳಿಗೆ ಸಕ್ಕರೆ ಏರಿದ್ದು ಗೊತ್ತಾದದ್ದೇ ಆಗ. ಪರೀಕ್ಷೆ ಆಗಿದ್ದರೆ ಮಗು ಬದುಕುತ್ತಿತ್ತೆಂದು ಖಂಡಿತ ಹೇಳಲಾರೆ. ಆದರೆ ಆ ಅವಕಾಶ ತಪ್ಪಿದ್ದರಲ್ಲಿ ನನ್ನ ಪಾಲಿದೆ.

“ಸಿಹಿಮೂತ್ರ ಉಳ್ಳವರ ರೋಗ, ಗುಡ್ಡ ಹತ್ತಿಳಿಯುವವರಿಗೆ ಎಲ್ಲಿಂದ ಬಂತು?” ಎಂದು ಕೆಲವರು ಕೇಳುತ್ತಾರೆ. ಬಸಿರಿನಲ್ಲಿ ಅದು ಯಾರಿಗೂ ಬರಬಹುದು. ಹೆಚ್ಚಾಗಿ ಲಕ್ಷಣವನ್ನೇ ತೋರದು. ಆದುದರಿಂದಲೇ ಕೇಂದ್ರ ಸರಕಾರ 2014ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಪ್ರತಿ ಗರ್ಭಿಣಿಗೂ ಮೊದಲ ತಪಾಸಣೆಯಲ್ಲೊಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ ಪರೀಕ್ಷೆ ಆಗಬೇಕು.

ಕ್ರಮ ಸರಳ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆ ಕಳೆದು ಗ್ಲೂಕೋಮೀಟರಿನಲ್ಲಿ ರಕ್ತ ನೋಡುವುದು. ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಪಥ್ಯ. ಅದಕ್ಕೆ ಬಗ್ಗದಿದ್ದರೆ ಔಷಧ. ಹಸಿದ ಹೊಟ್ಟೆಯೇ ಬೇಕೆಂದಿಲ್ಲ. ಹೀಗಿರುವಾಗ ಕೊರಗ, ಮಲೆಕುಡಿಯ ಹೆಂಗಸರು ಬಸ್ಸು ಹಿಡಿದು ಪೇಟೆಗೆ ಏಕೆ ಬರಬೇಕು? ಪರೀಕ್ಷೆಯೇ ಅವರ ಕಾಲೊನಿಗೆ, ಅಂಗನವಾಡಿಗೆ, ನಮ್ಮ ತೋಟದ ಲೈನಿಗೆ ಹೋಗಬಹುದಲ್ಲ!

ನನ್ನ ವಿನಂತಿ ಮೂರು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೂ ಆರೋಗ್ಯ ಸಹಾಯಕಿಯನ್ನೂ ಕಂಡು ತೋಟದ ಹತ್ತಿರವೇ ಒಂದು ದಿನ ಗೊತ್ತುಮಾಡಿಸಿ. ಆ ದಿನ ಗರ್ಭಿಣಿಯರಿಗೆ ಪೂರ್ತಿ ಕೂಲಿ ಕೊಟ್ಟು, ಕೂರಲು ನೆರಳು ಮಾಡಿಕೊಡಿ. ಸಕ್ಕರೆ ಕಂಡುಬಂದವರನ್ನು ವೈದ್ಯರ ಬಳಿಗೆ ಕಳುಹಿಸಲು ಜೀಪು ಕೊಡಿ. ಹೆರಿಗೆಯಾಗಿ ಆರು ವಾರಕ್ಕೆ ಮರುಪರೀಕ್ಷೆಯನ್ನೂ ನೆನಪಿಸಿ.

ಇದು ಸರಕಾರದ ಕೆಲಸ, ಸಂಘಕ್ಕೇಕೆ ಎನ್ನಬೇಡಿ. ಪರೀಕ್ಷೆ ಸರಕಾರದ್ದು, ಎರಡು ಗಂಟೆಯ ಬಿಡುವು ನಮ್ಮ ಕೈಯಲ್ಲಿದೆ. ಈ ಕೊಯ್ಲಿನಿಂದ ನನ್ನ ತೋಟದಲ್ಲಿ ಅದು ಜಾರಿಗೆ ಬಂದಿದೆ.

— ಕಾರ್ಯದರ್ಶಿ