ಫಾರ್ಮ್ಯಾಟ್ ಹೊಡೆಯುವ ಮುನ್ನ

ಕಂಪ್ಯೂಟರ್ ಪದೇ ಪದೇ ತಾನಾಗಿಯೇ ಬಂದ್ ಆಗುತ್ತಿದೆ ಎಂದು ನಮ್ಮ ರಾಣೆಬೆನ್ನೂರಿನ ರಿಪೇರಿ ಅಂಗಡಿಗಳಿಗೆ ಒಯ್ದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: ‘ವೈರಸ್ ಹೊಕ್ಕೈತ್ರಿ, ಫಾರ್ಮ್ಯಾಟ್ ಹೊಡಿಬೇಕು.’ ನೀಲಿ ಪರದೆ ಬಂದರೂ ಫಾರ್ಮ್ಯಾಟ್, ಹ್ಯಾಂಗ್ ಆದರೂ ಫಾರ್ಮ್ಯಾಟ್, ಟೈಪ್ ಮಾಡುತ್ತಿರುವಾಗಲೇ ಆರಿ ಮತ್ತೆ ಶುರುವಾದರೂ ಫಾರ್ಮ್ಯಾಟ್. ಹಾವೇರಿ, ಬ್ಯಾಡಗಿಯ ಗೆಳೆಯರನ್ನು ಕೇಳಿದರೆ ಅಲ್ಲಿಯೂ ಇದೇ ಮಂತ್ರ. ನೆಗಡಿ ಬಂದರೆ ಮೂಗು ಕೊಯ್ಯುವ ಈ ವೈದ್ಯವನ್ನು ನಾನು ರಿಪೇರಿ ಎನ್ನಲಾರೆ, ಸಾಕ್ಷ್ಯನಾಶ ಎನ್ನುತ್ತೇನೆ.

ಮಾತು ಖಾರವಾಯಿತು ಎನ್ನುವವರು ಯಂತ್ರ ಬೀಳುವಾಗ ಏನು ಮಾಡುತ್ತದೆ ಎಂಬುದನ್ನು ಗಮನಿಸಬೇಕು. ನೀಲಿ ಪರದೆ ಬಂದು ಮಾಯವಾಗುವ ಆ ಕೆಲವು ಕ್ಷಣಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ತನ್ನ ಕೊನೆಯ ಸ್ಥಿತಿಯನ್ನು ಒಂದು ಸಣ್ಣ ಕಡತವಾಗಿ ಬರೆದಿಡುತ್ತದೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಹೆಸರಿನಲ್ಲಿ ಅದು ಕೂತಿರುತ್ತದೆ. ಯಾವ ಡ್ರೈವರ್ ಎಡವಿತು, ತಪ್ಪು ಮೆಮೊರಿಯದ್ದೇ ಎಂಬುದರ ಸುಳಿವು ಅನೇಕ ಸಲ ಅದರಲ್ಲೇ ಸಿಗುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ದಿನಾಂಕ, ಗಂಟೆ, ನಿಮಿಷದ ಸಮೇತ ದಾಖಲೆಯಿದೆ. ರಿಲಯಬಿಲಿಟಿ ಮಾನಿಟರ್ ಎಂಬ ಇನ್ನೊಂದು ಪುಟ ಯಾವ ದಿನ ಯಾವುದು ಬಿತ್ತು ಎಂಬುದನ್ನು ಪಂಚಾಂಗದಂತೆ ಸಾಲಾಗಿ ತೋರಿಸುತ್ತದೆ. ಇಂಥ ವರದಿಗಳನ್ನು ರಾಶಿ ಹಾಕಿ ಓದಿಯೇ ಮೈಕ್ರೋಸಾಫ್ಟ್‌ನವರು ಎಲ್ಲ ದೋಷಗಳ ಪೈಕಿ ಶೇ 20ರಷ್ಟು ದೋಷಗಳೇ ಶೇ 80ರಷ್ಟು ತೊಂದರೆಗೆ ಕಾರಣ ಎಂದು ಕಂಡುಕೊಂಡಿದ್ದು. 2002ರಲ್ಲಿ ಸ್ಟೀವ್ ಬಾಲ್ಮರ್ ಗ್ರಾಹಕರಿಗೆ ಬರೆದ ಪತ್ರದಲ್ಲಿ ಇದನ್ನು ಹೇಳಿದ್ದಾರೆ. ಫಾರ್ಮ್ಯಾಟ್ ಮೊದಲು ಅಳಿಸುವುದು ಇದನ್ನೇ.

ಕನ್ನಡ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿ.ಎಲ್. ನರಸಿಂಹಾಚಾರ್ಯರ, ಎಂ.ಎಂ. ಕಲಬುರ್ಗಿಯವರ ಗ್ರಂಥಸಂಪಾದನೆಯ ಪುಸ್ತಕಗಳನ್ನು ಓದಿ ಪರೀಕ್ಷೆ ಬರೆದವರು ನಾವು. ಓಲೆಯಲ್ಲಿ ಲಿಪಿಕಾರನ ತಪ್ಪು ಕಂಡರೆ ಸಂಪಾದಕ ಓಲೆಯನ್ನು ಹೆರೆದು ಹಾಕುವುದಿಲ್ಲ. ಆ ತಪ್ಪು ಹೇಗೆ ಹುಟ್ಟಿತು, ಕಣ್ಣು ಒಂದು ಸಾಲು ಜಿಗಿಯಿತೇ, ಯಾವ ಪ್ರತಿಯಿಂದ ಇಳಿದು ಬಂತು ಎಂದು ಕೇಳುತ್ತಾನೆ. ಎರಡು ಪ್ರತಿಗಳ ನಂಟನ್ನು ತೋರಿಸಿಕೊಡುವುದು ಎಷ್ಟೋ ಸಲ ಅವೆರಡರಲ್ಲೂ ಇರುವ ಒಂದೇ ತಪ್ಪು. ಹಳಗನ್ನಡದ ಓಲೆಗೆ ಕೊಡುವ ಈ ಮರ್ಯಾದೆಯನ್ನು ಮನೆಯ ಮೇಜಿನ ಮೇಲಿನ ಯಂತ್ರಕ್ಕೆ ನಾವು ಕೊಡುವುದಿಲ್ಲ.

‘ಆದ್ರ ಫಾರ್ಮ್ಯಾಟ್ ಹೊಡೆದ ಮ್ಯಾಗ ಸರಿ ಹೋಗ್ತೈತಲ್ಲ?’ ಹೋಗುತ್ತದೆ, ಕೆಲವು ಸಲ ನಿಜವಾಗಿಯೇ. ಕೆಟ್ಟದ್ದು ವಿಂಡೋಸ್ ಆಗಿದ್ದರೆ ಅದು ಸರಿಯಾದ ಮದ್ದೇ. ಉಳಿದ ಸಲ ನಡೆಯುವುದು ಬೇರೆ. ಅಂಗಡಿಯ ಹುಡುಗ ಡಬ್ಬಿ ಬಿಚ್ಚುತ್ತಾನೆ, ಬ್ಲೋವರ್ ಹಿಡಿದು ಧೂಳು ಊದುತ್ತಾನೆ, ರ‍್ಯಾಮ್ ಕಡ್ಡಿ ಕಿತ್ತು ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸುತ್ತಾನೆ. ಆಮೇಲೆ ಫಾರ್ಮ್ಯಾಟ್. ಗುಣಪಡಿಸಿದ್ದು ರಬ್ಬರು, ಹೆಸರು ಬಂದದ್ದು ಫಾರ್ಮ್ಯಾಟಿಗೆ. ಗೋವಿನಜೋಳದ ರಾಶಿಯ ಕಾಲದಲ್ಲಿ ನಮ್ಮ ಊರಿನ ಮನೆಗಳಿಗೆ ನುಗ್ಗುವ ಧೂಳು ಕಂಡವರಿಗೆ ಫ್ಯಾನಿನ ಕಥೆ ಹೇಳಬೇಕಿಲ್ಲ. ಫ್ಯಾನು ತಿರುಗದೆ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಕಾದರೆ ಮೊದಲು ನಿಧಾನವಾಗುತ್ತದೆ, ಆಮೇಲೆ ಸುಟ್ಟುಹೋಗದಿರಲೆಂದು ತಾನೇ ಆರುತ್ತದೆ. ಇದರಲ್ಲಿ ವೈರಸ್ ಎಲ್ಲಿಂದ ಬಂತು? ‘ಗಾಳಿ ಸೋಕೈತಿ’ ಎನ್ನುತ್ತಿದ್ದ ಜಾಗದಲ್ಲಿ ಈಗ ಈ ಪದ ಕೂತಿದೆ, ಅಷ್ಟೇ.

ನಮ್ಮ ಮನೆಯ ಡೆಸ್ಕ್‌ಟಾಪಿಗೂ ಇದೇ ತೀರ್ಪು ಬಂದಿತ್ತು. ನಾನು ಒಪ್ಪದೆ ಯಂತ್ರ ವಾಪಸ್ ತಂದೆ. ದಾಖಲೆ ತೆರೆದರೆ ಪ್ರತಿ ಸಲವೂ ಒಂದೇ ನಮೂದು: ಕರ್ನಲ್ ಪವರ್ 41. ಮಿನಿಡಂಪ್ ಖಾಲಿ, ದೋಷ ಸಂಖ್ಯೆಯ ಜಾಗದಲ್ಲಿ ಸೊನ್ನೆ. ಅಂದರೆ ವಿಂಡೋಸಿಗೆ ಕೊನೆಯ ಮಾತು ಬರೆಯಲು ಪುರುಸೊತ್ತೇ ಸಿಕ್ಕಿಲ್ಲ. ಕಾಲ ಕೆಳಗಿನ ಕರೆಂಟೇ ಹೋಗಿದೆ. ಅತಿಯಾಗಿ ಬಿಸಿಯಾಗಿ ಆರಿದರೂ ಇದೇ 41 ಬೀಳುತ್ತದೆ, ಹಾಗಾಗಿ ಆರಿದ ಹೊತ್ತುಗಳನ್ನು ಹಾಳೆಯ ಮೇಲೆ ಇಳಿಸಿಕೊಂಡೆ. ಎಲ್ಲವೂ ಸಂಜೆ ಆರರಿಂದ ಏಳೂವರೆಯೊಳಗೆ. ನಮ್ಮ ಓಣಿಯ ಬೋರ್‌ವೆಲ್ ಮೋಟರುಗಳು ಶುರುವಾಗಿ ಬಲ್ಬು ಮಂಕಾಗುವ ಹೊತ್ತು ಅದು. ವೋಲ್ಟೇಜ್ ಕುಸಿದೊಡನೆ ಯುಪಿಎಸ್ ಬ್ಯಾಟರಿಗೆ ಹೊರಳಬೇಕು. ಫೈಲುಗಳನ್ನೆಲ್ಲ ಸೇವ್ ಮಾಡಿ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ನೋಡಿದೆ: ಕಂಪ್ಯೂಟರ್ ಅದೇ ಕ್ಷಣಕ್ಕೆ ಸತ್ತಿತು. ಎರಡು ಮೂರು ವರ್ಷ ಬಾಳುವ 12 ವೋಲ್ಟಿನ ಬ್ಯಾಟರಿ ಐದನೆಯ ವರ್ಷದಲ್ಲಿತ್ತು. ಹೊಸದಕ್ಕೆ ಸಾವಿರ ಚಿಲ್ಲರೆ ರೂಪಾಯಿ. ಅಂದಿನಿಂದ ಒಮ್ಮೆಯೂ ಆರಿಲ್ಲ. ನೂರು ಸಲ ಫಾರ್ಮ್ಯಾಟ್ ಹೊಡೆದರೂ ಆ ಬ್ಯಾಟರಿಗೆ ಜೀವ ಬರುತ್ತಿರಲಿಲ್ಲ.

ಇದು ಸಣ್ಣ ಊರಿನ ಒಂದು ಮನೆಯ ಕಥೆ ಎನ್ನುವುದಾದರೆ ದೊಡ್ಡದನ್ನು ನೋಡೋಣ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಕಾರಣ ಕೆಲವೇ ಗಂಟೆಗಳಲ್ಲಿ ಗೊತ್ತಾಯಿತು. ಪರಿಹಾರ: ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆದು ಒಂದೇ ಒಂದು ಕಡತ ಅಳಿಸುವುದು. ಆ ಯಂತ್ರಗಳು ನಮ್ಮ ಅಂಗಡಿಗಳಿಗೆ ಬಂದಿದ್ದರೆ 85 ಲಕ್ಷ ಫಾರ್ಮ್ಯಾಟ್ ಆಗುತ್ತಿದ್ದವು, ವೈರಸ್ಸಿನ ಹೆಸರಿನಲ್ಲಿ.

ನನಗೆ ಸಿಟ್ಟು ಬರುವುದು ಯಂತ್ರದ ಸಲುವಾಗಿ ಅಲ್ಲ. ಹಾಡುಗಬ್ಬದ ಮೇಲೆ ಕೆಲಸ ಮಾಡುವ ನನ್ನ ಗೆಳೆಯನೊಬ್ಬ ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ ತಂದಿದ್ದ. ಅಂಗಡಿಯಲ್ಲಿ ‘ಡಿ ಡ್ರೈವ್‌ನ್ಯಾಗಿಂದು ಏನೂ ಹೋಗಂಗಿಲ್ಲ’ ಎಂದರು. ಪರದೆಯ ಮೇಲೆ ಕಣ್ಣೆದುರೇ ಕಾಣುವ ಡೆಸ್ಕ್‌ಟಾಪ್ ಫೋಲ್ಡರ್ ಮಾಮೂಲಾಗಿ ಸಿ ಡ್ರೈವ್‌ನಲ್ಲಿರುತ್ತದೆ ಎಂದು ಯಾರೂ ಹೇಳಲಿಲ್ಲ. ಹಾಡುಗಳು ಇದ್ದದ್ದು ಅಲ್ಲಿ. ಅಳಿದ ಜಾಗದ ಮೇಲೆಯೇ ಹೊಸ ವಿಂಡೋಸ್ ಬರೆಯಲಾಗಿತ್ತು. ಎಸ್‌ಎಸ್‌ಡಿ ಬೇರೆ, ಅದರಲ್ಲಿ ಅಳಿದದ್ದು ಮರಳಿ ಸಿಗುವುದು ದುರ್ಲಭ. ಹಾಡಿದ ಅಜ್ಜಿಯರಲ್ಲಿ ಒಬ್ಬರು ಆಗಲೇ ತೀರಿಕೊಂಡಿದ್ದರು.

ಉಳಿದ ಕಡತಗಳೂ ಒಮ್ಮೊಮ್ಮೆ ಇದ್ದೂ ಸಾಯುತ್ತವೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಬಂಧವನ್ನು ಫಾರ್ಮ್ಯಾಟ್ ಆದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ‘ಫೈಲ್ ಕರಪ್ಟ್ ಆಗೈತ್ರಿ’ ಎಂಬ ಇನ್ನೊಂದು ತೀರ್ಪು ಹೊರಬೀಳುತ್ತದೆ. ಫೈಲು ನೆಟ್ಟಗೇ ಇದೆ, ಹೋದದ್ದು ಫಾಂಟು. ಮರಳಿ ಹಾಕಿದರೆ ಎರಡು ನಿಮಿಷದ ಕೆಲಸ. ಕನ್ನಡ ಯೂನಿಕೋಡಿನಲ್ಲಿ 1991ರಿಂದಲೂ ಇದೆ, ಆದರೂ ಈ ಗೋಳು ತಪ್ಪಿಲ್ಲ. ಆ ಜಗಳ ಇನ್ನೊಂದು ವಾರಕ್ಕಿರಲಿ.

ಅಂಗಡಿಯವನೊಬ್ಬನ ಮೇಲೆ ಎಲ್ಲ ಹೇರುವುದೂ ನ್ಯಾಯವಲ್ಲ. ಫಾರ್ಮ್ಯಾಟಿಗೆ ನಾಲ್ಕೈದು ನೂರು ಕೊಡುವ ನಾವು ಎರಡು ತಾಸು ಕೂತು ಕಾರಣ ಹುಡುಕಿದ್ದಕ್ಕೆ ನೂರೂ ಕೊಡುವುದಿಲ್ಲ, ‘ನೋಡಿದ್ದಕ್ಕ ಏನ್ ರೊಕ್ಕ?’ ಎನ್ನುತ್ತೇವೆ. ಬೀಜೋತ್ಪಾದನೆಗೆ ಹೆಸರಾದ ಊರು ಇದು. ಬಿತ್ತಿದ್ದು ಹುಟ್ಟದಿದ್ದರೆ ತಿಳಿದ ರೈತ ಹೊಲ ಹರಗುವ ಮೊದಲು ಬೀಜದ ಚೀಲ, ಲಾಟ್ ನಂಬರಿನ ಟ್ಯಾಗು, ರಸೀದಿ ಎತ್ತಿಡುತ್ತಾನೆ. ಓದಿದ ನಾವು ಮಾತ್ರ ಯಂತ್ರವನ್ನು ಕೌಂಟರಿನ ಮೇಲಿಟ್ಟು ‘ಸಂಜಿಕ ಕೊಡ್ತೀರೇನ್ರಿ?’ ಎಂದು ಕೇಳಿ ಬರುತ್ತೇವೆ.

ವಿಶ್ವವಿದ್ಯಾಲಯಗಳದ್ದೂ ಪಾಲಿದೆ. ನಮ್ಮ ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ಕಂಪ್ಯೂಟರ್ ಬಳಕೆಯೆಂದರೆ ಪವರ್‌ಪಾಯಿಂಟ್. ಸ್ಲೈಡು ಒಂದರ ಮೇಲೊಂದು ಹಾರಿಬರುವಂತೆ ಮಾಡುವುದನ್ನು ಕಲಿಸಿದರು, ಕ್ಷೇತ್ರಕಾರ್ಯದ ಧ್ವನಿಯನ್ನು ಎರಡು ಕಡೆ ಇಡಬೇಕು ಎಂದು ಯಾರೂ ಹೇಳಲಿಲ್ಲ. ಎರಡೇ ಪೀರಿಯಡ್ ಸಾಕಿತ್ತು: ಬಿದ್ದ ಯಂತ್ರದ ದಾಖಲೆ ತೆರೆಯುವುದು, ಹೊತ್ತು ಬರೆದಿಡುವುದು, ಮಿನಿಡಂಪ್ ಫೋಲ್ಡರನ್ನೂ ಡೆಸ್ಕ್‌ಟಾಪನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡ ಮೇಲೆಯೇ ಅಂಗಡಿಗೆ ಒಯ್ಯುವುದು. ಅಲ್ಲಿ ಹೋಗಿ ಕೇಳಬೇಕಾದದ್ದು, ‘ಏನಾಗಿತ್ತು ಅಂತ ಚೀಟಿ ಮ್ಯಾಲ ಬರದು ಕೊಡ್ರಿ, ಅದಕ್ಕ ಬ್ಯಾರೆ ರೊಕ್ಕ ಕೊಡ್ತೀನಿ.’