ಸ್ಟೀಕ್‌ಹೌಸ್ ಬಿಲ್ಲಿನಲ್ಲಿ ತೆರಿಗೆದಾರರ ಪಾಲು

ಅಮೆರಿಕದಲ್ಲಿ ಕಚೇರಿ ಕೆಲಸಕ್ಕೆಂದು ಬೇರೆ ಊರಿಗೆ ಹೋದವರು ಗ್ರಾಹಕರನ್ನು ದನದ ಮಾಂಸದ ಖಾದ್ಯವಾದ ಸ್ಟೀಕ್ ಬಡಿಸುವ ಸ್ಟೀಕ್‌ಹೌಸ್‌ಗೆ ಕರೆದೊಯ್ದು ಸತ್ಕರಿಸುವುದು ಹಳೆಯ ರೂಢಿ. ದುಡ್ಡು ಕಂಪನಿಯದು, ಹೊರಗಿನವರಿಗೇನು ಎನ್ನಬಹುದು. ಆದರೆ ಆ ಬಿಲ್ಲಿನಲ್ಲಿ ತೆರಿಗೆದಾರರ ಪಾಲೂ ಇದೆ. ಅಲ್ಲಿನ ಕಾನೂನಿನಂತೆ ವ್ಯವಹಾರದ ಊಟದ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ 50ರಷ್ಟನ್ನು ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದು. ಫೆಡರಲ್ ಕಾರ್ಪೊರೇಟ್ ತೆರಿಗೆ ಶೇ 21. ಅಂದರೆ 1,000 ಡಾಲರ್ ಬಿಲ್ಲಿಗೆ 105 ಡಾಲರ್ ತೆರಿಗೆ ಉಳಿತಾಯ. 2017ರ ತೆರಿಗೆ ಕಾನೂನು ಗಾಲ್ಫ್, ಪಂದ್ಯದ ಟಿಕೆಟ್‌ನಂಥ ಮನರಂಜನೆಗಿದ್ದ ರಿಯಾಯಿತಿಯನ್ನು ರದ್ದು ಮಾಡಿತು, ಊಟದ್ದು ಉಳಿಯಿತು. ಈ ರಿಯಾಯಿತಿ ಕೊಡುವ ಫೆಡರಲ್ ಸರ್ಕಾರವೇ 2025ರ ಹಣಕಾಸು ವರ್ಷದಲ್ಲಿ ಪ್ರವಾಸದಲ್ಲಿರುವ ತನ್ನ ನೌಕರರಿಗೆ ಹೆಚ್ಚಿನ ಊರುಗಳಲ್ಲಿ ಇಡೀ ದಿನದ ಊಟ, ಚಿಲ್ಲರೆ ಖರ್ಚಿಗೆ ನಿಗದಿ ಮಾಡಿದ್ದು 68 ಡಾಲರ್. ದುಬಾರಿ ಸ್ಟೀಕ್‌ಹೌಸ್‌ಗಳಲ್ಲಿ ಒಂದು ಸ್ಟೀಕಿಗೇ ಅಷ್ಟು ತೆರಬೇಕಾಗುತ್ತದೆ.

ಮುಖಾಮುಖಿ ಕೂತು ಉಂಡಾಗಲೇ ವಿಶ್ವಾಸ ಬೆಳೆಯುವುದು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಅದಕ್ಕೆ ಸ್ಟೀಕೇ ಆಗಬೇಕೆಂದಿಲ್ಲ. ಮಧ್ಯಾಹ್ನದ ಸಾದಾ ಊಟವೂ ಸಾಕು. ದನದ ಮಾಂಸವೇ ಪ್ರಧಾನವಾದ ಕಡೆ ಬೆಂಗಳೂರಿನಿಂದ ಹೋದ ಸಸ್ಯಾಹಾರಿ ಎಂಜಿನಿಯರ್‌ಗೆ ಉಳಿಯುವುದು ಆಲೂಗಡ್ಡೆ, ಸಲಾಡ್ ಮಾತ್ರ. ಅತಿಥಿಯ ರುಚಿ ಕೇಳದ ಔತಣ ಸತ್ಕಾರವಲ್ಲ, ಪ್ರದರ್ಶನ. ಅತಿಥಿಯೇ ಸ್ಟೀಕ್ ಬಯಸಿದರೆ? ಧಾರಾಳವಾಗಿ ಕೊಡಿಸಲಿ, ಆದರೆ ತಲಾ ವೆಚ್ಚಕ್ಕೊಂದು ಮಿತಿ ಇರಲಿ. ಮಿತಿ ಮೀರಿದ ಮೊತ್ತಕ್ಕೆ ತೆರಿಗೆ ರಿಯಾಯಿತಿ ಕೊಡುವುದನ್ನು ಸರ್ಕಾರ ನಿಲ್ಲಿಸಬೇಕು. ಔದಾರ್ಯ ತೋರುವ ಕಂಪನಿ ಅದನ್ನು ಪೂರ್ತಿ ಸ್ವಂತ ಖರ್ಚಿನಲ್ಲೇ ತೋರಲಿ.