ಹಿಮಗಿರಿಗೆ ಬುತ್ತಿ ಕಟ್ಟುವದು

ಈ ತಿಂಗಳು ಹಪ್ಪಳ-ಸಂಡಿಗೆಗಳ ವಿಚಾರವಾಗಿ ಬರೆಯುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಮುಂದಿನ ತಿಂಗಳಿಗೆ ಹಾಕುವದಾಗಿದೆ, ಕ್ಷಮೆಯಿರಲಿ. ಕಾರಣವೇನೆಂದರೆ, ಹದಿನೈದು ದಿನಗಳ ಹಿಂದೆ ನಮ್ಮ ಓಣಿಯ ಗೃಹಿಣಿಯೊಬ್ಬಳು ಸಂಜೆಯ ಹೊತ್ತಿಗೆ ನಮ್ಮ ಕಟ್ಟೆಗೆ ಬಂದು ಕುಳಿತು, ಕೇಳಲೋ ಬೇಡವೋ ಎಂದು ಬಹಳ ಹೊತ್ತು ಸೆರಗಿನ ತುದಿಯನ್ನು ತಿರುವುತ್ತಿದ್ದು, ಕಡೆಗೆ ಹೀಗೆಂದಳು:

“ಕಾಕಾರ, ನಮ್ಮ ಹುಡುಗಿ ಹಿಮದ ಗುಡ್ಡಾ ಏರೂದು ಕಲೀತೀನಂತ ಹಟಾ ಹಿಡದು ಕುಂತಾಳ. ಬ್ಯಾಡ ಅಂದರ ಉಣವಲ್ಲಳು. ಹೂಂ ಅಂದರ ನನಗ ನಿದ್ದಿ ಬರೂದಿಲ್ಲ. ಬೆಟದೂರ ಹನಮಂತಪ್ಪನ್ನ ನೋಡಿಲ್ಲೇನ್ರಿ ನಾವು? ನೀವು ನಾಕ ಅಕ್ಷರಾ ಓದಿದವರು, ಏನರ ಹೇಳ್ರಿ.”

ಆಕೆಯ ಮಗಳು ಗದಗಿನ ಕಾಲೇಜಿನಲ್ಲಿ ಓದುತ್ತಿರುವಳು, ಎನ್.ಸಿ.ಸಿ.ಯಲ್ಲಿಯೂ ಇರುವಳು. ಉತ್ತರಕಾಶಿಯ ಪರ್ವತಾರೋಹಣ ಶಾಲೆಯಲ್ಲಿ ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಶಿಕ್ಷಣಕ್ಕೆ ಹೋಗಬೇಕೆಂಬುದು ಅವಳ ಹಂಬಲ. ನಾವು ಹಮ್ಮಿಗಿಯವರು ತುಂಗಭದ್ರೆಯ ದಂಡೆಯ ಮೇಲೆ ಹುಟ್ಟಿ ಬೆಳೆದವರು. ಹೊಳೆಯ ಸಿಟ್ಟು ನಮಗೆ ಗೊತ್ತು, ಬ್ಯಾರೇಜಿನ ಹಿನ್ನೀರು ಗೊತ್ತು. ಎತ್ತರವೆಂದರೆ ಮಾತ್ರ ಗದಗಿನ ಬದಿಯ ಬಿಂಕದಕಟ್ಟಿಯಿಂದ ನಮ್ಮ ಸಿಂಗಟಾಲೂರಿನವರೆಗೆ ಹಬ್ಬಿದ ಕಪ್ಪತಗುಡ್ಡವಷ್ಟೇ. ಅಂಥಲ್ಲಿಂದ ಒಂದು ಹುಡುಗಿ ಹಿಮಾಲಯದ ಹೆಸರು ಎತ್ತಿದರೆ ತಾಯಿಯ ಎದೆ ನಡುಗುವದು ಸಹಜವೇ ಆಗಿದೆ.

ಬೆಟದೂರಿನ ಸಂಗತಿಯನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ; ದೂರದ ವಾಚಕರಿಗಾಗಿ ಎರಡು ಮಾತು. ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಕುಂದಗೋಳ ತಾಲೂಕಿನ ಬೆಟದೂರಿನವರು. 2016ನೆಯ ಇಸವಿಯ ಫೆಬ್ರವರಿ 3ರಂದು, ಸಿಯಾಚಿನ್ ಹಿಮನದಿಯಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಜನ ಯೋಧರು ಹೂತುಹೋದರು. ಐದು ದಿನಗಳ ಮೇಲೆ, ಇಪ್ಪತ್ತೈದು ಅಡಿಗೂ ಕೆಳಗೆ, ಹನುಮಂತಪ್ಪನವರೊಬ್ಬರೇ ಜೀವಂತವಾಗಿ ದೊರೆತರು. ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಆ ಮೂರು ದಿನ ನಮ್ಮ ಊರುಗಳಲ್ಲಿ ದೇವರಿಗೆ ದೀಪ ಹಚ್ಚದ ಮನೆ ಇರಲಿಲ್ಲ. ಆದ್ದರಿಂದ ಆ ತಾಯಿಗೆ “ಹೆದರಬೇಡ” ಎಂದಿಷ್ಟೇ ಹೇಳಿ ಕಳಿಸುವದು ನಮಗೆ ಸರಿದೋರಲಿಲ್ಲ. ನಾಲ್ಕು ದಿನ ಬಿಟ್ಟು ಬಾರೆಂದು ಹೇಳಿ, ಮನೆಯಲ್ಲಿದ್ದ ಪುಸ್ತಕಗಳನ್ನು ತೆಗೆದು ಕುಳಿತೆವು.

ಓದುತ್ತ ಹೋದಂತೆ ನಮಗೆ ಮೊದಲು ಹೊಳೆದದ್ದು ಇದು: ಮಹಾಶಿಖರವನ್ನು ಏರುವದೆಂದರೆ ಮುಕ್ಕಾಲು ಪಾಲು ಅಡಿಗೆಮನೆಯ ಕೆಲಸವೇ ಸರಿ. ಯುಗಾದಿಯ ಮುಂಚೆ ನಮ್ಮ ಕಡೆಯ ಜನ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆದುಹೋಗುವದನ್ನು ಎಲ್ಲರೂ ನೋಡಿರುವೆವು. ಕಟಕರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ಹೊರಡುವರು. ಬುತ್ತಿ ತೀರಿದರೂ ಚಿಂತೆಯಿಲ್ಲ, ದಾರಿಯುದ್ದಕ್ಕೂ ಪುಣ್ಯವಂತರ ದಾಸೋಹಗಳಿರುವವು. ಹಿಮಾಲಯದ ನೆತ್ತಿಯ ಮೇಲೆ ದಾಸೋಹ ನಡೆಸುವವರು ಯಾರು? ಅಲ್ಲಿ ಯಾತ್ರಿಕನೇ ಮೊದಲು ಮೇಲೆ ಹೋಗಿ ತನ್ನ ದಾಸೋಹವನ್ನು ತಾನೇ ಇಟ್ಟು, ಕೆಳಗಿಳಿದು ಬಂದು, ಆಮೇಲೆ ಯಾತ್ರೆಗೆ ಹೊರಡಬೇಕು. ಒಂದನೆಯ ಬಿಡಾರಕ್ಕೆ ಹೊತ್ತು ಹಾಕುವದು, ಇಳಿಯುವದು. ಎರಡನೆಯದಕ್ಕೆ ಹೊತ್ತು ಹಾಕುವದು, ಮತ್ತೆ ಇಳಿಯುವದು. ಹೀಗೆ ಏರಿ ಇಳಿಯುವದರಲ್ಲಿ ಇನ್ನೊಂದು ಲಾಭವೂ ಇದೆ. ಗಾಳಿ ತೆಳುವಾದ ಸ್ಥಳಕ್ಕೆ ಶರೀರವು ಮೆಲ್ಲಮೆಲ್ಲನೆ ಹೊಂದಿಕೊಳ್ಳಬೇಕಾಗುವದು. ಅವಸರಪಟ್ಟು ಏರಿದವನಿಗೆ ಪುಪ್ಪುಸದಲ್ಲಾಗಲಿ ಮಿದುಳಿನಲ್ಲಾಗಲಿ ನೀರು ತುಂಬಿ, ಕೂಡಲೇ ಕೆಳಗಿಳಿಸದಿದ್ದರೆ ಪ್ರಾಣವೇ ಹೋದೀತು.

ಹೊರೆಯ ಲೆಕ್ಕವನ್ನು ನಮ್ಮ ಸೋದರಿಯರು ತಾವೇ ಮಾಡಿ ನೋಡಬಹುದು. ಒಬ್ಬ ಹಮಾಲನು ಮೂವತ್ತು ಕಿಲೋ ಹೊರುವನೆನ್ನೋಣ. ದಿನಕ್ಕೆ ಒಂದು ಕಿಲೋ ತಿನ್ನುವನೆನ್ನೋಣ. ಹೋಗಲು ಹದಿನೈದು ದಿನ, ಬರಲು ಹದಿನೈದು ದಿನ ಹಿಡಿದರೆ ಅವನು ಹೊತ್ತದ್ದೆಲ್ಲವೂ ಅವನ ಹೊಟ್ಟೆಗೇ ಸಾಕಾಯಿತು. ಮೇಲೆ ಮುಟ್ಟಿಸಿದ್ದು ಸೊನ್ನೆ! ಅದಕ್ಕಾಗಿ ದಾರಿಯ ಹಳ್ಳಿಗಳಲ್ಲಿ ಕಾಳುಕಡಿ ಕೊಳ್ಳುವದು, ಅರ್ಧದಾರಿಯಿಂದ ಕೆಲವರನ್ನು ತಿರುಗಿ ಕಳಿಸುವದು, ಇಂಥ ಉಪಾಯಗಳೆಲ್ಲ ಬೇಕಾಗುವವು. 1953ರ ಮೇ 29ರಂದು ತೇನಸಿಂಗ ನೋರ್ಗೆ ಮತ್ತು ಹಿಲರಿ ಇಬ್ಬರೇ ಎವರೆಸ್ಟಿನ ತುದಿಯಲ್ಲಿ ನಿಂತರು. ಆ ಇಬ್ಬರನ್ನು ಅಲ್ಲಿ ನಿಲ್ಲಿಸುವದಕ್ಕೆ 362 ಹಮಾಲರು ಹೊರೆ ಹೊತ್ತಿದ್ದರು. 1965ರ ನಮ್ಮ ಭಾರತೀಯ ತಂಡದ ಸಾಮಾನು ಸುಮಾರು 25 ಟನ್ನು, ಹೊತ್ತವರು ಸುಮಾರು 800 ಜನ. ಮದುವೆಗೆ ದಿಬ್ಬಣ ಹೊರಡಿಸಿದ ಮನೆಯ ಹಿರಿಯಳಿಗೆ ಈ ಗದ್ದಲವು ಪೂರಾ ಅಪರಿಚಿತವಾಗಲಾರದು.

ಇನ್ನು ಒಲೆಯ ವಿಚಾರ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುವದರಿಂದ ನೀರು ಬೇಗನೆ ಕುದಿಯುವದು. ಇದು ಅನುಕೂಲವೆಂದು ತಿಳಿಯಬಾರದು. ಕುದಿಯುವ ನೀರೇ ಅಲ್ಲಿ ಸಾಕಷ್ಟು ಬಿಸಿ ಇರುವದಿಲ್ಲ! ಇಲ್ಲಿ ಸುಮಾರು 100 ಅಂಶಕ್ಕೆ ಕುದಿಯುವ ನೀರು, ಎವರೆಸ್ಟಿನ ಬುಡದ ಬಿಡಾರದಲ್ಲಿ 83 ಅಂಶಕ್ಕೂ ನೆತ್ತಿಯ ಮೇಲೆ ಸುಮಾರು 70 ಅಂಶಕ್ಕೂ ಕುದಿದುಬಿಡುವದು. ಅದರಲ್ಲಿ ತೊಗರಿಬೇಳೆಯನ್ನು ಹಾಕಿ ಕುಳಿತರೆ ಹೊತ್ತು ಮುಳುಗಿದರೂ ಬೇಳೆ ಬೇಯದು. ಕುಕ್ಕರು ಇಲ್ಲದೆ ಅಲ್ಲಿ ಅನ್ನ-ಸಾರು ಇಲ್ಲ. ಅದರ ಮೇಲೆ ಕುಡಿಯುವ ಹನಿ ಹನಿಗೂ ಹಿಮವನ್ನು ಕರಗಿಸಬೇಕು. ಪಾತ್ರೆ ತುಂಬ ಹಿಮ ಹಾಕಿದರೆ ತಳದಲ್ಲಿ ತುಸುವೇ ನೀರು ನಿಲ್ಲುವದು. ಉರುವಲನ್ನೂ ಕೆಳಗಿನಿಂದಲೇ ಹೊತ್ತು ತರಬೇಕು. ಇಷ್ಟು ಮಾಡಿ ತಟ್ಟೆಗೆ ಬಡಿಸಿದರೆ ಉಣ್ಣುವವನಿಗೆ ಹಸಿವೆಯೇ ಇರುವದಿಲ್ಲ. ಎತ್ತರದ ಮಹಿಮೆಯೇ ಅಂಥದು. ಅನ್ನವನ್ನು ಕಂಡರೆ ಹೇವರಿಕೆ. ಒತ್ತಾಯದಿಂದ ಉಣ್ಣಿಸುವ ಅಕ್ಕರೆಯೊಬ್ಬಳು ಪ್ರತಿಯೊಂದು ಬಿಡಾರದಲ್ಲಿಯೂ ಇದ್ದರೆ ಎಷ್ಟೋ ಜನ ಇನ್ನೂ ಮೇಲೇರುತ್ತಿದ್ದರೆಂದು ನಮ್ಮ ಮನೆಯಲ್ಲಿ ಹೇಳಿದರು. ನಾವು ಅಲ್ಲಗಳೆಯಲಿಲ್ಲ.

ಆದರೆ ಆ ತಾಯಿಯ ಪ್ರಶ್ನೆ ಬುತ್ತಿಯದಾಗಿರಲಿಲ್ಲ, ಮಗಳು ತಿರುಗಿ ಬರುವದರದಾಗಿತ್ತು. ಅದಕ್ಕೆ ಉತ್ತರವೆಂಬಂತೆ ನಮಗೆ ದೊರೆತದ್ದು ನಮ್ಮ ದೇಶದವರ ಮೂರು ಯಾತ್ರೆಗಳ ಕಥೆ. ಅದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುವೆವು.

1960ರಲ್ಲಿ ಬ್ರಿಗೇಡಿಯರ್ ಗ್ಯಾನಸಿಂಗರ ಮುಂದಾಳ್ತನದಲ್ಲಿ ಮೊದಲನೆಯ ಭಾರತೀಯ ತಂಡವು ಎವರೆಸ್ಟಿಗೆ ಹೋಯಿತು. (ಹಿಂದಿನ ಕಾಲದ ಅನೇಕರು ಇದನ್ನೇ ಗೌರೀಶಂಕರವೆಂದು ಕರೆಯುತ್ತಿದ್ದರು. ಅದು ತಪ್ಪು, ಗೌರೀಶಂಕರವು ಬೇರೆಯೇ ಒಂದು ಶಿಖರ, ಎತ್ತರದಲ್ಲಿ ಬಹಳ ಕಡಿಮೆ.) ಸೋನಮ್ ಗ್ಯಾತ್ಸೊ, ನವಾಂಗ್ ಗೊಂಬು, ನರೇಂದ್ರಕುಮಾರ ಈ ಮೂವರು 28,300 ಅಡಿಯವರೆಗೆ ಏರಿದರು. ಉಳಿದದ್ದು ಸುಮಾರು 700 ಅಡಿ. ಗಾಳಿ ವಿಪರೀತವಾಯಿತು, ತಿರುಗಿ ಇಳಿದರು. 1962ರಲ್ಲಿ ಮೇಜರ್ ಜಾನ್ ಡಾಯಸರ ತಂಡ. ಸೋನಮ್ ಗ್ಯಾತ್ಸೊ, ಹರಿ ಡಾಂಗ್, ಮೋಹನಸಿಂಗ ಕೊಹ್ಲಿ ಇವರು ಕಟ್ಟಕಡೆಯ ಬಿಡಾರದಲ್ಲಿ ಮೂರು ರಾತ್ರಿ ಕಳೆದು 28,600 ಅಡಿ ಮುಟ್ಟಿದರು. ಇನ್ನು ಉಳಿದದ್ದು ಸುಮಾರು 400 ಅಡಿ! ನಮ್ಮ ಊರ ಅಗಸಿಯಿಂದ ಗುಡಿಗೆ ಹೋಗಿ ಬರುವಷ್ಟೂ ಇಲ್ಲ. ಅಲ್ಲಿಂದಲೂ ಹವೆ ಕೆಟ್ಟಿತೆಂದು ತಿರುಗಿದರು.

ವಾಚಕರು ಒಂದು ಗಳಿಗೆ ಆ ಸ್ಥಳದಲ್ಲಿ ತಮ್ಮನ್ನು ನಿಲ್ಲಿಸಿಕೊಂಡು ನೋಡಬೇಕು. ದೇಶವೆಲ್ಲ ಕಾಯುತ್ತಿರುವದು, ಎರಡು ವರ್ಷಗಳ ಸಿದ್ಧತೆ, ನೂರಾರು ಜನರು ಹೊತ್ತ ಹೊರೆ, ಕಣ್ಣೆದುರಿಗೇ ಶಿಖರ. ಮುಂದೆ ಹೋದರೆ ತುದಿ ಮುಟ್ಟಬಹುದೇನೋ, ಆದರೆ ಇಳಿಯಲು ಬೆಳಕಾಗಲಿ ಆಮ್ಲಜನಕವಾಗಲಿ ಉಳಿಯಲಾರದು. ಅಂಥಲ್ಲಿ “ಸಾಕು” ಎಂದು ಹೇಳಿ ಬೆನ್ನು ತಿರುಗಿಸಿದವರು ಹೇಡಿಗಳಾಗಿರಲಿಲ್ಲ. ಸೋನಮ್ ಗ್ಯಾತ್ಸೊ ಮೂರನೆಯ ಸಲವೂ ಹೊರಟರು. 1965ರ ತಂಡಕ್ಕೆ ಅದೇ ಕೊಹ್ಲಿಯವರು ಮುಂದಾಳು, ನರೇಂದ್ರಕುಮಾರರು ಉಪಮುಂದಾಳು. ಏಪ್ರಿಲ್ ಕೊನೆಗೆ ಮೇಲೇರಿದವರು ಹವೆ ಕೆಟ್ಟದ್ದರಿಂದ ಮತ್ತೆ ಬುಡಕ್ಕಿಳಿದು ಕಾದರು. ಮೇ 20ರಂದು ಚೀಮಾ ಮತ್ತು ಗೊಂಬು ಶಿಖರ ಮುಟ್ಟಿದರು. 22ರಂದು ಸೋನಮ್ ಗ್ಯಾತ್ಸೊ, ತಮಗಿಂತ ಬಹಳ ಕಿರಿಯನಾದ ಸೋನಮ್ ವಾಂಗ್ಯಾಲನೊಡನೆ ಆ ಉಳಿದ 400 ಅಡಿಗಳನ್ನು ನಡೆದು ಮುಗಿಸಿದರು. 24ಕ್ಕೆ ವೋಹ್ರಾ ಮತ್ತು ಆಂಗ್ ಕಾಮಿ. 29ಕ್ಕೆ ಅಹ್ಲುವಾಲಿಯಾ, ರಾವತ್, ಫು ದೋರ್ಜಿ. ಒಟ್ಟು ಒಂಬತ್ತು ಜನ. ಮುಂದಾಳು ಕೊಹ್ಲಿಯವರಾಗಲಿ ಉಪಮುಂದಾಳು ಕುಮಾರರಾಗಲಿ ಶಿಖರಕ್ಕೆ ಹೋಗಲಿಲ್ಲ. ಕೆಳಗೆ ನಿಂತು ಉಳಿದವರನ್ನು ಮೇಲಕ್ಕೆ ಕಳಿಸಿದರು. ಪಂಕ್ತಿಗೆ ಬಡಿಸಿ ಕಡೆಗೆ ತಾವು ಉಣ್ಣದೆ ಉಳಿದ ಯಜಮಾನಿಯರನ್ನು ನಾವು ಕಂಡಿರುವೆವು. ಆದರೆ ಅವರ ಹೆಸರು ಯಾರ ಬಾಯಲ್ಲಿಯೂ ಬರುವದಿಲ್ಲ.

ಈ ನರೇಂದ್ರಕುಮಾರರ ಕಥೆಯೇ ನಮ್ಮನ್ನು ಬೆಟದೂರಿಗೆ ತಿರುಗಿ ತಂದಿತು. 1961ರಲ್ಲಿ ನೀಲಕಂಠ ಶಿಖರದ ಯಾತ್ರೆಯಲ್ಲಿ ಹಿಮ ಕಡಿದು ಅವರ ಕಾಲ್ಬೆರಳುಗಳು ಹೋದವು. ಆ ಕಾಲಿನಿಂದಲೇ 1978ರಲ್ಲಿಯೂ 1981ರಲ್ಲಿಯೂ ಅವರು ಸಿಯಾಚಿನ್ ಹಿಮನದಿಗೆ ಆರೋಹಣ ತಂಡಗಳನ್ನು ಒಯ್ದರು. ಅವರು ತಂದ ನಕಾಶೆ ಮತ್ತು ವರ್ತಮಾನಗಳ ಬಲದಿಂದಲೇ 1984ರ ಏಪ್ರಿಲ್ 13ರಂದು ನಮ್ಮ ಸೈನ್ಯವು ಅಲ್ಲಿ ಕಾಲಿಟ್ಟದ್ದು. ಹನುಮಂತಪ್ಪನವರು ಕಾವಲು ನಿಂತದ್ದು ಆ ಹಿಮದಲ್ಲಿಯೇ. ಆದರೆ ಇಬ್ಬರ ಸ್ಥಿತಿಯಲ್ಲಿ ಒಂದು ದೊಡ್ಡ ಅಂತರವಿದೆ. ಆರೋಹಿಗೆ ತಿರುಗಿ ಬರುವ ಸ್ವಾತಂತ್ರ್ಯವುಂಟು; ಠಾಣೆಯ ಯೋಧನಿಗೆ ಅದಿಲ್ಲ. ಹವೆ ಕೆಟ್ಟಿತೆಂದು ಅವನು ಇಳಿದು ಬರುವಂತಿಲ್ಲ. ಇದನ್ನು ಆ ತಾಯಿಗೆ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನೆ ಕುಳಿತಳು.

ಹಾಗೆಂದು ಅಪಾಯವೇ ಇಲ್ಲವೆಂದು ನಾವು ಹೇಳಲಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮ ಕುಸಿದು, ಶಿಕ್ಷಣಕ್ಕೆಂದು ಹೋದ ತಂಡದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇದನ್ನೂ ಮುಚ್ಚಿಡದೆ ಆಕೆಗೆ ತಿಳಿಸಿದೆವು. ಹಾಗೆ ಮುಚ್ಚಿಟ್ಟು ಹೇಳಿದ ಬುದ್ಧಿಮಾತು ಮೋಸವೇ ಸರಿ. ಮಗಳಿಗೂ ಒಂದು ಮಾತು ಹೇಳಿದೆವು. ಅವಳ ಗೋಡೆಯ ಮೇಲೆ ಶಿಖರದಲ್ಲಿ ನಿಂತವರ ಚಿತ್ರಗಳೇ ಇವೆ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಬುಡದ ಹಿಮಪ್ರಪಾತದಲ್ಲಿ ಪರರ ಬಿಡಾರಗಳಿಗೆ ಸಾಮಾನು ಹೊರುತ್ತಿದ್ದ ನೇಪಾಳದ 16 ಜನ ಸತ್ತರು. ಒಬ್ಬರ ಚಿತ್ರವೂ ಯಾವ ಗೋಡೆಯ ಮೇಲೂ ಇಲ್ಲ. ಅದಕ್ಕೂ ಮೊದಲು, 1922ರಲ್ಲಿ, ಬ್ರಿಟಿಷರ ಯಾತ್ರೆಯಲ್ಲಿ ಏಳು ಜನ ಹಮಾಲರು ಹಿಮದ ಕೆಳಗೆ ಹೋದರು. ಏರುವವಳು ಮೊದಲು ಹೊರುವದನ್ನು ಕಲಿಯಲಿ, ತನ್ನ ಹೊರೆಯನ್ನು ತಾನು ಹೊರಲಿ ಎಂದೆವು. ಹುಡುಗಿ ಮುಖ ಸಣ್ಣದು ಮಾಡಿದಳು; ಆದರೆ ಮರುದಿನವೇ ಹದಿನೈದು ಕಿಲೋ ಜೋಳದ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಸಿಂಗಟಾಲೂರ ವೀರಭದ್ರೇಶ್ವರನ ಗುಡ್ಡವನ್ನು ಹತ್ತಿಳಿದಳೆಂದು ಕೇಳಿದೆವು. ಆ ಮೇಲಿನ ಆದಿತ್ಯವಾರ ಕಪ್ಪತಮಲ್ಲಯ್ಯನ ಕಡೆಗೂ ಹೋಗಿದ್ದಳು. ಅಲ್ಲಿ ನಡುದಾರಿಯಲ್ಲಿ ಮೋಡ ಕವಿದು ಗುಡುಗು ಹತ್ತಿತಂತೆ. ಜೊತೆಯವರು ಇನ್ನೇನು ಬಂದೇಬಿಟ್ಟಿತೆಂದು ಮುಂದೆ ನಡೆದರೂ ಇವಳು ತಿರುಗಿ ಇಳಿದು ಬಂದಳಂತೆ.

ಈ ಸುದ್ದಿಯನ್ನು ನಮಗೆ ಹೇಳಿದವಳು ತಾಯಿಯೇ. “ಹುಡುಗರು ನಕ್ಕರಂತ್ರಿ ಅಕಿಗೆ. ನಗಲಿ ಬಿಡ್ರಿ,” ಎಂದಳು. ಅರ್ಜಿಗೆ ತಂದೆ-ತಾಯಿಗಳ ರುಜು ಬೇಕಾಗಿದ್ದಿತು; ಅದನ್ನು ಹಾಕಿದಳೋ ಇಲ್ಲವೋ ಎಂದು ನಾವು ಕೇಳಲಿಲ್ಲ. ಮೆಟ್ಟಿಲಿಳಿದು ಹೋದವಳು ಅಗಸೆಗಿಡದ ಹತ್ತಿರ ನಿಂತು, ತಿರುಗಿ ನೋಡಿ, ನಮ್ಮ ಮನೆಯವರನ್ನು ಕೂಗಿದಳು: “ಯಕ್ಕಾ, ಅಷ್ಟ ಥಂಡ್ಯಾಗ ಶೇಂಗಾ ಹಿಂಡಿ ಎಷ್ಟ ದಿನಾ ತಡದೀತs?”